ಪೆನ್ಸಿಲ್‌ಲೆ ಬರದದ್ದು

ಕುಂಕಳ್ಕರ್ ಬಾಯಾರು ಹತ್ತನೇತ್ತಾದವರಿಗೆಲ್ಲ
ಒಂದೊಂದು ಫಾರ್ಮ್ ಕೊಟ್ಟು ಕಳಸ್ಯಾರ:
ಮುಂದ ಏನ ಆಗಾಕಿ, ಮನ್ಯಾಗ ಕೇಳ್ಕೊಂಡ ಬಾ,
ಮದಲ ಪೆನ್ಸಿಲ್‌ಲೆ ಬರಿ, ಆಮ್ಯಾಲ ಪೆನ್ನಿಲೆ ತಿದ್ದು.
ನಮ್ಮ ದಾಕ್ಷಾಣಿ ಯಾರನ್ನೂ ಕೇಳಲಿಲ್ಲ.
ಸಾಲ್ಯಾಗ ಕುಂತು ಅಲ್ಲೇ ಬರದಾಳ:
ಪೈಲಟ್.

ಬಾಯಾರು ನಕ್ಕರಂತ.
ಹೀಯಾಳಿಸಿ ಅಲ್ಲ. ಅದ ಹೊತ್ತಿಗೆ ದಾಬೋಳಿ ವಿಮಾನ
ಸಾಲಿ ಮಾಳಿಗಿ ಮ್ಯಾಲ ಗುಡುಗ್ಕೋತ ಹೋತಂತ, ಅದಕ್ಕ.
"ಭಾಳ ರೊಕ್ಕ ಬೇಕಲ್ಲ ಅದಕ್ಕ" ಅಂದ್ರಂತ.
ಇಕಿ ಅಲ್ಲಿ ತುಟಿ ಪಿಟಕ್ ಅನಲಿಲ್ಲ.
ಮನಿಗೆ ಬಂದು ಚೀಲ ಒಗದು ಹೇಳಿದ್ಲು:
"ಹಾರೂ ಪೈಲಟ್ ಅಲ್ಲಪಾ.
ಹಗ್ಗದ ಏಣಿ ಹತ್ತೂ ಪೈಲಟ್."

ತಪ್ಪ ನಂದ.
ಹ್ವಾದ ಮಳಿಗಾಲ ಒಂದ ರಾತ್ರಿ ಕರೆಂಟ್ ಹೋಗಿತ್ತು.
ಸಡಾದ ದಿನ್ನಿ ಮ್ಯಾಲ, ಬಾಗಲದಾಗ ಕುಂತಿದ್ವಿ.
ದೂರ ಕತ್ತಲದಾಗ ಹಡಗಗೋಳು ದೀಪ ಹಚ್ಗೊಂಡು
ನಳದ ಪಾಳಿಗೆ ನಿಂತ ಹೆಣ್ಮಕ್ಕಳಂಗ ನಿಂತಿದ್ವು.
ಯಾಕ ಒಳಗ ಬರವಲ್ವು ಅಂತ ಕೇಳಿದ್ಲು.
ನಾ ಅಂದೆ: ಏಳು ಸಮುದ್ರ ದಾಟಿ ಬಂದ ಕ್ಯಾಪ್ಟನ್ನಿಗೂ
ನಮ್ಮ ಬಂದರದ ಬಾಗಲ ಗೊತ್ತಿಲ್ಲವ್ವ.
ಎಲ್ಲಿ ಉಸುಕು, ಎಲ್ಲಿ ಕಲ್ಲು, ನೀರು ಯಾವಾಗ ಏರತೈತಿ,
ಅದನ್ನ ಬಲ್ಲವ ಒಬ್ಬ ಸಣ್ಣ ಬೋಟಿನ್ಯಾಗ ಹೋಗಿ
ಹಗ್ಗದ ಏಣಿ ಹಿಡದು ಹತ್ತತಾನ.
ಎರಡ ತಾಸು ಅಷ್ಟ ದೊಡ್ಡ ಹಡಗ ಅವನ ಮಾತ ಕೇಳತೈತಿ.
ಆಮ್ಯಾಲ ಇಳದು, ಚಾ ಕುಡದು, ಮನಿಗೆ.

ನಿದ್ದಿ ಬರಲಿ ಅಂತ ಹೇಳಿದ್ದ ಮಾತದು.
ಇಕಿ ಕೇಳಿದ್ದು ಒಂದ:
"ಏಣಿ ಹಸಿ ಇರತೈತೇನು?"

ಇಪ್ಪತ್ತೆರಡ ವರ್ಷ ಡ್ರೈಡಾಕಿನ್ಯಾಗ ತುಕ್ಕ ಕೆರದೇನಿ.
ಹಡಗ ಅಂದ್ರ ನನಗ ಅದರ ಹೊಟ್ಟಿ ಅಷ್ಟ ಗೊತ್ತು.
ಸುತಗಿ ಬಡದಂಗ ಚಿಪ್ಪು ಉದರತಾವು,
ಮೂಗಿನ್ಯಾಗ, ಕಿವಿಯಾಗ ಕೆಂಪ ಧೂಳ.
ಊರಿಗೆ ಹ್ವಾದಾಗ ನನ್ನ ದಸ್ತಿ ಒಗದು ನಮ್ಮವ್ವ ಕೇಳಾಕಿ,
"ಅಲ್ಲಿನೂ ಹೊಲ ಅದಾವೇನೋ?"

ಇಕಿ ಅವ್ವಗ ನರ್ಸ್ ಆಗಬೇಕು.
ಚಿಕಾಲಿಮ್ ದವಾಖಾನಿ, ಬಸ್ಸಿಗೆ ಹದಿನೈದ ನಿಮಿಷ,
ತಿಂಗಳಾ ತಿಂಗಳಾ ಪಗಾರ.
ತಪ್ಪೇನಿಲ್ಲ ಅಕಿದು. ಮಂದಿ ಮನಿ ಭಾಂಡೆ ತಿಕ್ಕಿದ ಕೈಗೆ
ಬಿಳಿ ಅರಿವಿ ಕಂಡ್ರ ಆಸಿ ಆಗೂದ.

ನಾ ಮೆನೆಝಿಸ್ ಸಾಹೇಬ್ರನ್ನ ಕೇಳಿದೆ,
ಹೆಣ್ಮಕ್ಕಳು ಅದಾರೇನ್ರಿ ಆ ಕೆಲಸದಾಗ?
ಎಲ್ಲೋ ಒಬ್ಬಾಕಿ ಅದಾಳಂತ ಕೇಳೇನಿ ಅಂದ್ರು.
ಮದಲ ಗಣಿತ, ಸೈನ್ಸು. ಆಮ್ಯಾಲ ವರ್ಷಗಟ್ಟಲೆ ಸಮುದ್ರ,
ಕ್ಯಾಪ್ಟನ್ ಆದ ಮ್ಯಾಲ ಪೈಲಟ್ಟು.
"ಯಾಕ, ಯಾರಿಗೆ?"
"ಯಾರಿಗಿಲ್ರಿ, ಸುಮ್ನ" ಅಂದೆ.
ಆ ಸುಮ್ನ ಅಂದದ್ದು
ರಾತ್ರಿ ಉಣ್ಣುವಾಗೂ ಬಾಯಾಗ ಕಹಿ ಇತ್ತು.

ಗಣಿತದಾಗ ಐವತ್ನಾಕು ಬಂದಾವ.
"ಏರಸ್ತೀನಿ" ಅಂದ್ಲು, ಪುಸ್ತಕದಿಂದ ಮಾರಿ ಎತ್ತದನ.
"ಈಜು?" ಅಂದೆ.
ಅಕಿ ಅವ್ವ ಹಂಚಿನ ಮ್ಯಾಲಿನ ರೊಟ್ಟಿ ತಿರವೂದು ಬಿಟ್ಟು ನನ್ನ ನೋಡಿದ್ಲು.
ಸಮುದ್ರದ ಎದುರ ಇಷ್ಟ ವರ್ಷ ಬಾಳೇ ಮಾಡಿ
ಒಬ್ಬರಿಗೂ ಬರೂದಿಲ್ಲ ನಮ್ಮನ್ಯಾಗ.

ನಾಳಿ ಸಹಿ ಹಾಕಿ ಕೊಡಬೇಕು.
ಫಾರ್ಮ್ ಇನ್ನೂ ಪೆನ್ಸಿಲ್ಲಿನ್ಯಾಗ ಐತಿ.

ಇವತ್ತ ಐತವಾರ, ಬಾಯ್ನಾ ದಂಡಿಗೆ ಇಳದ್ವಿ,
ಐದ ಲೀಟರಿನ ಖಾಲಿ ಎಣ್ಣಿ ಕ್ಯಾನ್ ಎರಡು, ತುಂಡ ಹಗ್ಗ.
ಚೂಡಿದಾರದಾಗ ಗಾಳಿ ಸಿಕ್ಕು ಬಲೂನಿನಂಗ ಉಬ್ಬತು.
ಬಲಿ ಬಿಡಸಾಕತ್ತಿದ್ದ ಹುಡುಗರು ನಕ್ಕರು. ಆಕಿನೂ ನಕ್ಕಳು.
ಟೊಂಕಮಟ ನೀರಾಗ ನಿಂತು ನಾ
ಅಕಿ ಹೊಟ್ಟಿ ಕೆಳಗ ಎರಡೂ ಕೈ ಕೊಟ್ಟೆ,
ಡಾಕಿನ್ಯಾಗ ಹಡಗಿನ ಬುಡಕ ಕಟಗಿ ಇಡತಾರಲ್ಲ, ಹಂಗ.
"ಬಿಡಪಾ" ಅಂದ್ಲು.
ಒಂದ ಕೈ ತಗದೆ.
ಉಪ್ಪನೀರ ಕುಡದು, ಕೆಮ್ಮಿ, ಮೂಗ ಒರಸ್ಕೊಂಡು ಕೇಳಿದ್ಲು,
"ಈಗ ನೀರು ಏರಾಕತ್ತೈತೋ, ಇಳ್ಯಾಕತ್ತೈತೋ?"
ನನಗ ಗೊತ್ತಿರಲಿಲ್ಲ.
ಉಸುಕಿನ ಮ್ಯಾಲಿನ ಹಸಿ ಗೆರಿ ಒಂದ ಗಳಿಗಿ ನೋಡಿ
ತಾನ ಅಂದ್ಲು:
"ಇಳ್ಯಾಕತ್ತೈತಿ."