ಮೂರನೆಯದು ಸಿಗಲಿಲ್ಲ

ಅರ್ಧ ಗಂಟೆ ಉಂಟು ನಿನಗೆ, ಅಂದಳು ಅಕ್ಕ.
ಫೋಟೋದವನು ಬಿಡುವುದಿಲ್ಲ, ಮಗು ಹಸಿದಿದೆ,
ಕೇಟರಿಂಗಿನವರ ಕಟ್ಲೆಟ್ಟಿಗೆ ರೊಟ್ಟಿಪುಡಿ, ಕೇಕಿಗೆ ಮೈದಾ,
ನೀನೇ ಎಂತಾದರೂ ಮಾಡು.

ಹದಿನೇಳು ವರ್ಷ ಹಡಗಿನ ಅಡಿಗೆಮನೆಯಲ್ಲಿ ಬೆಂದವನು ನಾನು,
ನೆಲ ಅಲ್ಲಾಡದಿದ್ದರೆ ಇನ್ನೂ ಕೈ ಹದಕ್ಕೆ ಬರುವುದಿಲ್ಲ.
ಜೆಪ್ಪುವಿನ ಈ ಎರಡು ಬರ್ನರಿನ ಒಲೆಯೆದುರು
ಕಾಲಗಲಿಸಿ ನಿಂತೆ.

ಬಾಣಲೆ ಕಾಯುವಷ್ಟರಲ್ಲಿ ಸಾಸೇಜು ಕೊಯ್ದೆ, ಬಿಲ್ಲೆ ಬಿಲ್ಲೆ.
ಕುಲಶೇಖರದ ಬೊನಿಫಾಸನ ಅಂಗಡಿಯದು.
ಹಂದಿ, ಬೆಳ್ಳುಳ್ಳಿ, ಉಪ್ಪು, ವಿನೆಗರ್, ಬೇರೆ ಎಂತದೂ ಇಲ್ಲ
ಎಂದು ಎದೆಯ ಮೇಲೆ ಶಿಲುಬೆಯೆಳೆದು ಆಣೆಯಿಟ್ಟಿದ್ದ.
ಪ್ಯಾಕೆಟಿನದಕ್ಕೆ ರಸ್ಕು ಸೇರಿಸುತ್ತಾರೆ ಮಾರಾಯ್ರೆ,
ಇಂಗಿನ ಡಬ್ಬಿಯೊಳಗೂ ಗೋಧಿ ಅಡಗಿ ಕೂತಿರುತ್ತದೆ.
ಮೂರು ವರ್ಷದಿಂದ ಈ ಮನೆಯಲ್ಲಿ
ಬೈಬಲಿಗಿಂತ ಹೆಚ್ಚು ಲೇಬಲ್ ಓದಿದ್ದಾರೆ.

ಗ್ಲುಟೆನ್ ಇಲ್ಲದ್ದು ಮಾತ್ರ ಕೊಡಿ, ಬರೆದಿದ್ದರು ಡಾಕ್ಟರು.
ಅಮ್ಮ ಚೀಟಿ ತಿರುಗಿಸಿ ನೋಡಿ ಕೇಳಿದ್ದರು:
ನೀರುದೋಸೆ, ಪುಂಡಿ, ಸಾನ್ನಾ, ಶ್ಯಾವಿಗೆ,
ಇದಕ್ಕೆಲ್ಲ ಅಂಥ ಹೆಸರು ಉಂಟಾ?

ಈ ಅನ್ನ ಕಲಿಸಿದವನು ಆಲ್ಸೀ ತಿಬೊಡೊ,
ಲೂಸಿಯಾನದ ಜೌಗುನೆಲದವನು, ಒಂದು ಕಿವಿ ಕೇಳದವನು.
ಈರುಳ್ಳಿ, ದೊಣ್ಣೆಮೆಣಸು, ಸೆಲರಿ,
ಮೂರನ್ನೂ ಒಂದೇ ಅಳತೆಗೆ ಹೆಚ್ಚಿ ಕೊಬ್ಬಿಗೆ ಸುರಿಯುವಾಗ
ನಮ್ಮಲ್ಲಿ ಇದಕ್ಕೆ ತ್ರಿಯೇಕ ದೇವರು ಅನ್ನುತ್ತೇವೆ, ಎನ್ನುತ್ತಿದ್ದ.
ತಮಾಷೆಗಲ್ಲ. ಟೊಪ್ಪಿ ತೆಗೆದು ಹೇಳುತ್ತಿದ್ದ.

ಪಿತ ಸಿಕ್ಕಿದ, ಸುತ ಸಿಕ್ಕಿದ, ಕಂಕನಾಡಿ ಮಾರ್ಕೆಟ್ಟಿನಲ್ಲಿ.
ಪವಿತ್ರಾತ್ಮ ಮಾತ್ರ ಇರಲಿಲ್ಲ.
ಸೆಲರಿಯಾ? ತರಕಾರಿಯ ಹೆಂಗಸು ಹರಿವೆ ಕಟ್ಟು ಎತ್ತಿ ಹಿಡಿದಳು,
ಇದೂ ದಂಟೇ ಅಲ್ಲವಾ, ಕೊಂಡುಹೋಗಿ.
ತಂದೆ.

ಬ್ಯಾಡಗಿ ಪುಡಿ, ಕಾಳುಮೆಣಸು,
ಹಿತ್ತಿಲ ಸಾಂಬ್ರಾಣಿ ಸೊಪ್ಪು ಮೂರೆಲೆ, ಕೈಯಲ್ಲೇ ಹರಿದು.
ಬಫಾತ್ ಡಬ್ಬಿಯತ್ತ ಕೈ ಹೋಯಿತು. ಹಿಂದೆ ತೆಗೆದೆ.
ಮತ್ತೆ ಹೋಯಿತು. ಅರ್ಧ ಚಮಚ,
ಆಲ್ಸೀ, ನೀನು ನೋಡಲಿಲ್ಲ.
ಕುಚ್ಚಲಕ್ಕಿಗೆ ಒಂದು ಗಂಟೆ ಬೇಕು; ಬೆಳ್ತಿಗೆ ಹಾಕಿ ಮುಚ್ಚಿದೆ.

ಆಗ ಬಂದಳು ಲವಿಟಾ, ಬಿಳಿ ಗೌನು, ತಲೆಗೆ ಬಟ್ಟೆಯ ಹೂ.
ಎತ್ತಿ ಕಟ್ಟೆಯ ಮೇಲೆ ಕೂರಿಸಿ
ಗೌನಿಗೆ ನನ್ನ ಹಳೆ ಲುಂಗಿ ಹೊದೆಸಿದೆ.

ಬೆಳಿಗ್ಗೆ ಇಗರ್ಜಿಯಲ್ಲಿ ಮೂವತ್ತೊಂದು ಮಕ್ಕಳು
ಸಾಲಾಗಿ ನಾಲಗೆ ಚಾಚಿದ್ದರು.
ಇವಳಿಗೆ ಬೇರೆಯೇ ಒಂದು ಸಣ್ಣ ಬಟ್ಟಲು,
ರೊಟ್ಟಿಯ ಚೂರು ಬೀಳದ್ದು, ಒಂದು ಗುಟುಕು ದ್ರಾಕ್ಷಾರಸ.
ಗೋಧಿಯದೇ ಆಗಬೇಕು, ಅದು ನಿಯಮ;
ಆದರೆ ಬಟ್ಟಲಲ್ಲೂ ಅವನು ಇಡಿಯಾಗಿಯೇ ಇದ್ದಾನೆ ಪುಟ್ಟಾ,
ಎಂದು ಫಾದರ್ ಒಸ್ವಿನ್ ಮನೆಗೇ ಬಂದು ತಿಳಿಸಿದ್ದರು,
ಪಾಪ, ತಾವೇ ತಪ್ಪು ಮಾಡಿದವರ ಹಾಗೆ
ಚಹಾ ಕೂಡ ಕುಡಿಯದೆ ಹೋದರು.

ಮಾಮ, ಕಾಲಾಡಿಸುತ್ತ ಕೇಳಿದಳು,
ಯೇಸು ಇಲ್ಲಿ ಹುಟ್ಟಿದ್ದರೆ?
ಇಲ್ಲಿ ಅಂದರೆ?
ಜೆಪ್ಪುವಲ್ಲಿ.
ಕಡೆಯ ಊಟಕ್ಕೆ ಏನು ಮುರಿಯುತ್ತಿದ್ದ? ಸಾನ್ನಾ ಅಲ್ಲವಾ?

ಸಾಸೇಜಿನ ಕೊಬ್ಬು ಕೆಂಪಗೆ ಕರಗಿ
ಅಗುಳು ಅಗುಳಿಗೂ ಇಳಿಯುತ್ತಿತ್ತು.
ಒಲೆ ಸಣ್ಣ ಮಾಡಿದೆ. ಉಪ್ಪು ನೋಡಿದೆ.
ಸರಿಯಿತ್ತು. ಆದರೂ ಇನ್ನೊಂದು ಚಿಟಿಕೆ ಹಾಕಿದೆ.

ತಳ ಸ್ವಲ್ಪ ಹಿಡಿಯಲೆಂದೇ ಬಿಟ್ಟಿದ್ದೆ,
ಅದಕ್ಕಾಗಿ ಹಡಗಿನಲ್ಲಿ ಜಗಳವಾಗುತ್ತಿತ್ತು.
ಸಟ್ಟುಗದಂಚಿನಿಂದ ಮೀಟಿದರೆ ಎದ್ದು ಬಂತು
ಹಳೆಯ ಎಂಟಾಣೆಯಗಲದ ಗರಿಗರಿ ಸಿಪ್ಪೆ.
ಕಣ್ಣು ಮುಚ್ಚಿ ನಾಲಗೆ ಚಾಚಿದಳು, ತಿಂಗಳಿಡೀ
ಎಲ್ಲರ ಜೊತೆ ಅಭ್ಯಾಸ ಮಾಡಿದ್ದಳಲ್ಲ.
ಊದಿ ಇಟ್ಟೆ.
ಎಂತ ಹೇಳಬೇಕೋ ತಿಳಿಯದೆ, ಬಿಸಿ ಉಂಟು, ಅಂದೆ.

ಜಗಿಯಲಿಲ್ಲ ತುಂಬ ಹೊತ್ತು.
ಆಮೆನ್ ಅಂದುಬಿಟ್ಟಾಳೆಂದು ಹೆದರಿ ನಿಂತೆ.

ಖಾರ, ಅಂದಳು. ಇನ್ನೂ ಉಂಟಾ?

ತಟ್ಟೆ ತುಂಬ ಬಡಿಸಿದೆ.
ಹರಿವೆ ದಂಟನ್ನೆಲ್ಲ ಒಂದೊಂದಾಗಿ ಹೆಕ್ಕಿ
ಅಂಚಿಗಿಟ್ಟಳು.