ಓಡಿಸದೆ ಓದುವುದು

ಬೆಂದೂರಿನ ಪಂಪ್‌ಹೌಸಿನ ಹಿಂದಿನ ಕೋಣೆ.
ಗೋಡೆಯಾಚೆ ತುಂಬೆಯಿಂದ ಬಂದ ನೀರು ಮೊರೆಯುತ್ತದೆ,
ಈಚೆ ನಾನು ಬರೆದ ಹನ್ನೊಂದು ಸಾಲಿನ ಫಂಕ್ಷನ್:
ಟ್ಯಾಂಕಿನ ಹೆಸರು ಕೈಗೆ ಕೊಡಬೇಕು,
ಮಟ್ಟದ ಅಂಕಿ ಪೈಪಿನಲ್ಲಿ ಬರಬೇಕು,
ಎರಡೂ ಸೇರಿ ಒಂದು ಚೀಟಿಯಾಗಿ
ವಾಲ್ವ್ ತಿರುಗಿಸುವವರ ಮೊಬೈಲಿಗೆ ಹೋಗಬೇಕು.

ಮೂರು ತಿಂಗಳು ಸರಿ ಇತ್ತು.
ಸರಿ ಇದೆ ಅಂದುಕೊಂಡಿದ್ದೆ.

ಮೊನ್ನೆ ಮಂಗಳವಾರ ಕದ್ರಿ ಕಂಬಳದ ನಲ್ಲಿಗಳು ಕೆಮ್ಮಿದವು,
ಬರೀ ಗಾಳಿ.
ಕದ್ರಿಯಲ್ಲಿ ಟ್ಯಾಂಕು ತುಂಬಿ, ಉಕ್ಕಿ, ಮೆಟ್ಟಿಲಿಳಿದು
ಯಾರದೋ ಸ್ಕೂಟರಿನಡಿ ಹೋಗಿ ನಿಂತಿತ್ತು ನೀರು.
ಶೇಸಪ್ಪ ಕೊಟ್ಟಾರಿ ಬಂದರು, ಮೊಣಕಾಲವರೆಗೆ ಒದ್ದೆ:
"ಎಂತ ಬಾಯಮ್ಮ, ನಿಮ್ಮ ಚೀಟಿಯಲ್ಲಿ ಕದ್ರಿ ಅಂತ ಮಾತ್ರ ಉಂಟಲ್ಲ?"

ಅವರಲ್ಲೊಂದು ಕಬ್ಬಿಣದ ಸರಳು, ಎದೆಮಟ್ಟದ್ದು.
ಒಂದು ತುದಿ ರಸ್ತೆಗೆ, ಒಂದು ಕಿವಿಗೆ.
ಬೆಳಗಿನ ನಾಲ್ಕಕ್ಕೆ, ಮೊದಲ ಬಸ್ಸು ಎದ್ದೇಳುವ ಮುಂಚೆ,
ಡಾಂಬರಿನಡಿ ಎಲ್ಲಿ ಸೋರುತ್ತದೆಂದು ಕೇಳುತ್ತಾರೆ.
ಅಗೆಯುವುದಿಲ್ಲ.
"ಅಗೆದು ನೋಡ್ಲಿಕ್ಕೆ ಯಾರಿಗೂ ಬರ್ತದೆ."

ಆ ರಾತ್ರಿ ಲಿಂಟರ್ ಹಚ್ಚಿದೆ.
ಅದೂ ಹಾಗೇ: ಸ್ಕ್ರಿಪ್ಟನ್ನು ಓಡಿಸುವುದಿಲ್ಲ,
ಓದುತ್ತದೆ.

ನಲವತ್ತೆರಡನೇ ಸಾಲು: ಫಂಕ್ಷನ್ ಕರೆಯುವಲ್ಲಿ
ಟ್ಯಾಂಕಿನ ಹೆಸರಿಗೆ ಉದ್ಧರಣ ಚಿಹ್ನೆ ಇಲ್ಲ;
ನಡುವೆ ಖಾಲಿ ಜಾಗ ಬಂದರೆ ಹೆಸರು ಒಡೆದೀತು.
ಒಡೆದಿತ್ತು.
ಕದ್ರಿ ಡಾಲರ್ ಒಂದಾಗಿ ನೇರ ಒಳಗೆ ಹೋಗಿ ಕೂತಿತು,
ಕಂಬಳ ಡಾಲರ್ ಎರಡಾಗಿ ಹೊಸ್ತಿಲಲ್ಲೇ ಉಳಿಯಿತು,
ಬನ್ನಿ ಅನ್ನುವ ಒಂದು ಸಾಲೂ ಆ ಮನೆಯಲ್ಲಿರಲಿಲ್ಲ.

ಅರವತ್ತನೇ ಸಾಲು: ಈ ಫಂಕ್ಷನ್ ಏನೋ ಕೇಳುತ್ತದೆ,
ಯಾರೂ ಅದಕ್ಕೆ ಏನನ್ನೂ ಕೊಡುವುದಿಲ್ಲ.
ಇದನ್ನೋದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಕೇಳುವಂತೆ ಬರೆದವಳೂ ನಾನೇ,
ಕೊಡಲು ಮರೆತವಳೂ.

ಚಿಹ್ನೆ ಹಾಕಿದೆ. ಹಳದಿ ಸಾಲುಗಳು ಒಂದೊಂದೇ ಆರಿದವು.
ಆದರೆ ಪೈಪಿನಲ್ಲಿ ಎಂತ ಬರುತ್ತದೆಂದು
ಅದಕ್ಕೆ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ.
ಬಜಾಲಿನ ಮೀಟರು ಒಂದು ರಾತ್ರಿ ಏನೂ ಕಳಿಸದಿದ್ದರೆ
ಟ್ಯಾಂಕು ಬರಿದಾಯಿತೋ, ಮೀಟರು ಸತ್ತಿತೋ?
ಸೊನ್ನೆ ಬೇರೆ, ಸುದ್ದಿ ಇಲ್ಲದ್ದು ಬೇರೆ.
ಅದಕ್ಕೆ ನಾನೇ ಬಾಗಿಲಲ್ಲಿ ಮೂರು ಸಾಲು ನಿಲ್ಲಿಸಿದೆ:
ಅಂಕಿಯಾದರೆ ಒಳಗೆ ಬಾ,
ಅಲ್ಲವಾದರೆ ಕೂಗಿ ಹೇಳು,
ಚೀಟಿ ಬರೆಯಬೇಡ.

ಶೇಸಪ್ಪ ಪರದೆ ನೋಡಿದರು, ಚಹಾ ಊದಿದರು.
"ಓಡಿಸದೆ ಹೇಳ್ತದಾ ಇದು?"
"ಹೌದು."
"ಹಾಗಾದ್ರೆ ನೀವು ನಾಳೆ ನಾಲ್ಕಕ್ಕೆ ಬನ್ನಿ."

ಹೋದೆ. ಕಂಬಳದ ತಿರುವು, ಒಂದು ನಾಯಿ, ಬೀದಿದೀಪ.
ಸರಳಿಗೆ ಕಿವಿಯಿಟ್ಟೆ, ತಣ್ಣಗೆ, ತುಕ್ಕಿನ ವಾಸನೆ.
ದಬ್, ದಬ್, ದಬ್.
"ಕೇಳ್ತಾ ಉಂಟು! ಇಲ್ಲೇ ಸೋರುವುದು!"

ಅವರು ನಗಲಿಲ್ಲ.
"ಅದು ನಿಮ್ಮದೇ ರಕ್ತ, ಬಾಯಮ್ಮ.
ಇನ್ನೊಮ್ಮೆ ಇಡಿ."