ಹದಿನಾಲ್ಕು ಅಂಗುಲ

ನ್ಯೂಜೆರ್ಸಿಯ ಈ ಕೋಣೆಗೆ ಕಿಟಕಿಯಿಲ್ಲ.
ಗೋಡೆಗೆಲ್ಲ ನೀಲಿ ಸ್ಪಂಜಿನ ಮೊನೆಗಳು,
ಕೂಗಿದರೆ ಕೂಗು ಅಲ್ಲೇ ಇಂಗುತ್ತದೆ
ಮರಳಿಗೆ ಚೆಲ್ಲಿದ ನೀರಿನ ಹಾಗೆ.
ಹನ್ನೊಂದು ವರ್ಷ ಇಲ್ಲಿ ನನ್ನ ಕೆಲಸ ಇಷ್ಟೇ:
ಕಂಪನಿ ತಾನೇ ಆರಿಸಿ ತಂದ ಫೋನುಗಳನ್ನು
ದಾರಕ್ಕೆ ನೇತುಹಾಕಿ, ತಿರುಗಿಸಿ, ಆಲಿಸುವುದು.
ಉಳಿದವರಿಗೆ ಕಾಗದ ಬರೆಯುವುದು.
'ತಮ್ಮ ಸಾಧನ ನಮ್ಮದಲ್ಲ. ವಂದನೆಗಳು.
ಇರ್ಮಾ ವೊಯ್ಚಿಕ್.'
ಸಹಿ ಎಷ್ಟು ಸಲೀಸಾಯಿತೆಂದರೆ
ಕೊನೆಕೊನೆಗೆ ಇರ್ಮಾ ಹೋಗಿ ಒಂದು ಗೀರು ಉಳಿಯಿತು.

ಆರ್ವಿಲ್ ಟ್ವೈಟ್, ನಾರ್ತ್ ಡಕೋಟಾ:
ಅವನೊಬ್ಬನಿಗೇ ಮೂರು.
ದನ ಕುಡಿಯುವ ತೊಟ್ಟಿ ಮನೆಯಿಂದ ಒಂಬತ್ತು ಮೈಲಿ,
ನೀರು ಎಷ್ಟಿದೆಯೆಂದು ತೊಟ್ಟಿಯೇ ಹೇಳಬೇಕಂತೆ.
ನಿಮ್ಮ ಟವರ್ ನಿಂತಿರುವುದು ನನ್ನ ಗುಡ್ಡದ ಮೇಲೆ,
ಬಾಡಿಗೆ ಕೊಡುತ್ತೀರಿ, ಮಾತಿಗೆ ಬಿಡುವುದಿಲ್ಲ
ಎಂದು ಬರೆದಿದ್ದ, ಪೆನ್ಸಿಲಿನಲ್ಲಿ.
ನಾನು ಫೈಲಿಗೆ ಹಾಕಿದ್ದೆ.

ನವೆಂಬರಿನ ಒಂದು ಮಂಗಳವಾರ
ಮೇಲಿನವರು ಕೆಳಗಿಳಿದು ಬಂದು ಕೇಕು ಕತ್ತರಿಸಿದರು.
ಇನ್ನು ಯಾರು ಬೇಕಾದರೂ ಬರಬಹುದು,
ಏನನ್ನು ಬೇಕಾದರೂ ತರಬಹುದು,
ಜಾಲ ಎಲ್ಲರದು, ಅಂದರು.
ಪರೀಕ್ಷೆಯ ಶುಲ್ಕ ಎಷ್ಟೆಂದು ಕೇಳಿದೆ.
ಕೇಕು ತಿನ್ನು, ಇರ್ಮಾ, ಅಂದರು.

ಆಮೇಲೆ ಬಂದವು ನೋಡಿ!
ನಾಯಿಯ ಕೊರಳಪಟ್ಟಿ, ಜೇನುಪೆಟ್ಟಿಗೆಯ ತಕ್ಕಡಿ,
ಕಾಲೇಜು ಹುಡುಗರು ಕಟ್ಟಿದ ಬಸ್ಸಿನ ಗಂಟೆ,
ಏನೆಂದು ಮಾಡಿದವನೇ ಹೇಳಲಾರದ್ದು ಒಂದು.
ಮತ್ತು ಓಟ್ಸಿನ ಡಬ್ಬಿಯಲ್ಲಿ, ಸುತ್ತ ಹತ್ತಿ ತುರುಕಿ,
ಅದೇ ಪೆನ್ಸಿಲಿನ ವಿಳಾಸ.
ಶುಲ್ಕದ ಚೆಕ್ಕು ಜೊತೆಗೆ, ಚೆಕ್ಕಿಗೆ ಅಂಟಿಸಿದ ಚೀಟಿ:
'ಎರಡು ಕರು ಮಾರಿದೆ. ನೋಡಿ.'

ದಾರಕ್ಕೆ ಕಟ್ಟಿ ಬಾಗಿಲು ಮುಚ್ಚಿದೆ.
ಫೇಲು.
ಪಕ್ಕದ ತರಂಗಕ್ಕೆ ಗದ್ದಲ ಸೋರುತ್ತಿತ್ತು,
ಮದುವೆಮನೆಯಲ್ಲಿ ಕಿವಿ ಮಂದವಾದವನು
ಗುಟ್ಟು ಹೇಳಿದ ಹಾಗೆ.
ಫಾರಮಿನಲ್ಲಿರುವುದು ಎರಡೇ ಚೌಕ.
ಯಾಕೆಂದು ಬರೆಯಲು ಜಾಗವಿಲ್ಲ,
ಬಾಯಲ್ಲಿ ಹೇಳಕೂಡದೆಂದು ನಿಯಮವಿದೆ.

ಊಟದ ಹೊತ್ತಿಗೆ ಕಾರೊಳಗೆ ಕೂತು
ನನ್ನ ಸ್ವಂತ ಫೋನಿನಿಂದ ಅವನ ನಂಬರು ಒತ್ತಿದೆ.
ಆಂಟೆನಾದ ಬುಡಕ್ಕೆ ತಾಮ್ರದ ತಗಡು, ಅಂದೆ,
ಒಂದು ಪೆನ್ನಿಯಷ್ಟು ಅಗಲ ಸಾಕು.
ಆ ಕಡೆ ಬಹಳ ಹೊತ್ತು ಬರೀ ಗಾಳಿ.
'ಪೆನ್ನಿಯನ್ನೇ ಬೆಸೆದರೆ?'
ಎಂಬತ್ತೆರಡಕ್ಕೆ ಮುಂಚಿನದಾದರೆ ಆದೀತು, ಅಂದೆ,
ಈಚಿನವು ಒಳಗೆಲ್ಲ ಸತು.
ಯಾರು ನೀವು ಎಂದು ಅವನು ಕೇಳಲಿಲ್ಲ.
ಮೂರು ಕಾಗದದ ಆ ಗೀರು
ನನ್ನ ಬಾಯಿಗೂ ಬರಲಿಲ್ಲ.

ಎರಡನೆಯ ಸಲಕ್ಕೆ ಮತ್ತೊಂದು ಕರು.
ಪಾಸು.
ಸಹಿಯನ್ನು ಪೂರ್ತಿ ಬರೆದೆ, ಚುಕ್ಕಿ ಸಮೇತ.

ಈಗ ಬೆಳಗಿನ ಐದೂಕಾಲಿಗೆ ದಿಂಬಿನಡಿ ನಡುಗುತ್ತದೆ:
ನೀರು ಹದಿನಾಲ್ಕು ಅಂಗುಲ.
ನನ್ನ ನಂಬರನ್ನೂ ಸೇರಿಸಿಬಿಟ್ಟಿದ್ದಾನೆ, ಕೇಳದೆ.
ಹನ್ನೆರಡು. ಹದಿಮೂರೂವರೆ. ಮತ್ತೆ ಹದಿನಾಲ್ಕು.
ತೊಟ್ಟಿಗೆ ಉತ್ತರ ಬೇಕಿಲ್ಲ, ನಾನೂ ಬರೆಯುವುದಿಲ್ಲ.

ಜನವರಿಯಲ್ಲಿ ಒಂದು ದಿನ ಬರಲೇ ಇಲ್ಲ.
ಆರಾಯಿತು, ಏಳಾಯಿತು.
ನೀರು ಕಲ್ಲಾಗಿದ್ದೀತು, ಟವರಿಗೆ ಹಿಮ ಹತ್ತಿದ್ದೀತು,
ಇಲ್ಲಾ ಆ ಪೆನ್ನಿಯ ಬೆಸುಗೆ.
ಕೆಲಸಕ್ಕೆ ಹೋದೆ. ಯಾರದೋ ಗಡಿಯಾರವೊಂದನ್ನು
ದಾರಕ್ಕೆ ಕಟ್ಟಿದೆ.
ಫೋನು ಹೊರಗಿನ ಮೇಜಿನ ಮೇಲೆ, ಒಳಗೆ ತಂದರೆ
ಅದಕ್ಕೇನೂ ಕೇಳಿಸದು.
ಪರೀಕ್ಷೆ ಅರ್ಧ ಮುಗಿಯುವುದರೊಳಗೆ
ಮೂರು ಸಲ ಎದ್ದು ಬಾಗಿಲು ತೆರೆದೆ.